ಒಂದೇ ಪೆಟ್ಟಿಗೆಯ ಎರಡು ಡಿಸ್ಕುಗಳು

ಹಠ ನನ್ನದೇ. ಅಂಗಡಿಯವನು ಬೇಡ ಅಂದಿದ್ದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇನ್ನೊಬ್ಬರ ಮೇಲೆ ಗೂಬೆ ಕೂರಿಸಿದೆ ಅನ್ನಿಸಿಕೊಳ್ಳುವುದು ಬೇಡ.

ನಾನು ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ನಮ್ಮಲ್ಲಿ ಪಂಪುಗಳು ಜೋಡಿಯಾಗಿರುತ್ತವೆ. ಒಂದು ಓಡುತ್ತದೆ, ಇನ್ನೊಂದು ಪಕ್ಕದಲ್ಲಿ ಕಾಯುತ್ತದೆ. ಎರಡೂ ಒಂದೇ ಕಂಪನಿಯವು, ಒಂದೇ ಮಾಡೆಲ್. ಇದರ ಬಿಡಿಭಾಗ ಅದಕ್ಕೆ ಹೊಂದಬೇಕಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಜೋಡಿ ಅಂದರೆ ಜೋಡಿಯೇ.

ವಿಜಯವಾಡದಲ್ಲಿರುವ ಅಕ್ಕನ ಮನೆಗೆ ಕಂಪ್ಯೂಟರಿನ ಕಡತ ಕಾಪಿಡುವ ರೇಡ್ ಪೆಟ್ಟಿಗೆ ತೆಗೆದುಕೊಂಡಾಗಲೂ ಇದೇ ಲೆಕ್ಕ ಹಾಕಿದೆ. ಪೆಟ್ಟಿಗೆಯೊಳಗೆ ಎರಡು ಹಾರ್ಡ್ ಡಿಸ್ಕ್. ಏನೇ ಉಳಿಸಿದರೂ ಎರಡರಲ್ಲೂ ಬರೆದುಕೊಳ್ಳುತ್ತದೆ, ಒಂದು ಸತ್ತರೆ ಇನ್ನೊಂದರಲ್ಲಿ ಎಲ್ಲ ಇರುತ್ತದೆ. ಎಂವಿಪಿ ಕಾಲೋನಿಯ ನಮ್ಮ ಮನೆಯ ಹತ್ತಿರದ ಅಂಗಡಿಯವನು ಒಂದು ಡಿಸ್ಕನ್ನು ಒಂದು ರಟ್ಟಿನ ಪೆಟ್ಟಿಗೆಯಿಂದ, ಇನ್ನೊಂದನ್ನು ಬೇರೆ ಪೆಟ್ಟಿಗೆಯಿಂದ ತೆಗೆದಿಟ್ಟ. "ಒಕೇ ಬ್ಯಾಚ್ ವದ್ದು ಸಾರ್," ಅಂದ. ಒಟ್ಟಿಗೆ ತಯಾರಾದವು ಬೇಡ ಅಂತ. ನನಗೆ ರೇಗಿತು. ನನಗೆ ಪಾಠ ಹೇಳೋಕೆ ಬಂದ ಅಂದುಕೊಂಡು, ಒಂದೇ ಪೆಟ್ಟಿಗೆಯಿಂದ ಒಂದರ ಹಿಂದೊಂದು ನಂಬರಿನ ಎರಡನ್ನು ನಾನೇ ಆರಿಸಿ ತಂದೆ. ಪಂಪುಗಳಲ್ಲಿ ಒಂದು ಸುಮ್ಮನೆ ನಿಂತಿರುತ್ತದೆ, ಡಿಸ್ಕುಗಳು ಎರಡೂ ಹಗಲೂ ರಾತ್ರಿ ಒಟ್ಟಿಗೇ ಸವೆಯುತ್ತವೆ, ಒಟ್ಟಿಗೇ ಹುಟ್ಟಿದವಾದರೆ ಒಟ್ಟಿಗೇ ಸಾಯಲೂಬಹುದು. ಇಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಅಕ್ಕ ಮಂಗಳಗಿರಿಯ ನೇಕಾರರ ಮನೆಗಳಿಗೆ ಹೋಗಿ ಹಳೆಯ ಸೀರೆಗಳ ಅಂಚುಗಳ ಫೋಟೊ ತೆಗೆದು, ಅದನ್ನು ಹೇಗೆ ನೇಯ್ದರು ಅಂತ ಅವರ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡುತ್ತಿದ್ದಳು. ಹನ್ನೊಂದು ವರ್ಷದ ಕೆಲಸ. ಅದೆಲ್ಲ ಆ ಪೆಟ್ಟಿಗೆಯಲ್ಲಿತ್ತು. ಭಾವನ ದನಿಯೂ ಅಲ್ಲೇ ಇತ್ತು.

ಭಾವ ತೆಲುಗಿನವರು, ಬ್ಯಾಂಕಿನಲ್ಲಿದ್ದರು. ಮದುವೆಯಾದ ಮೇಲೆ ಕನ್ನಡ ಕಲಿತರು. ಕಲಿತದ್ದನ್ನು ರೂಢಿ ಮಾಡಿಕೊಳ್ಳಲು ದಿನಾ ಸಂಜೆ ಫೋನಿಗೆ ಎರಡು ನಿಮಿಷ ಕನ್ನಡದಲ್ಲಿ ಮಾತಾಡಿ ರೆಕಾರ್ಡ್ ಮಾಡುತ್ತಿದ್ದರು. ಪ್ರತಿ ವಾಕ್ಯಕ್ಕೂ ತೆಲುಗಿನ 'ಅಂಡಿ' ಸೇರಿಸದಿದ್ದರೆ ಅವರಿಗೆ ಮರ್ಯಾದೆ ಕಡಿಮೆಯಾದಂತೆ. ಎರಡು ವರ್ಷದ ಹಿಂದೆ ಹೃದಯಾಘಾತದಿಂದ ಹೋಗಿಬಿಟ್ಟರು. ಅವರ ಫೋನಿನಲ್ಲಿದ್ದದ್ದನ್ನೆಲ್ಲ ಪೆಟ್ಟಿಗೆಗೆ ಹಾಕಿ, ಫೋನನ್ನು ಅಳಿಸಿ ಯಾರಿಗೋ ಕೊಟ್ಟವನು ನಾನೇ. ಎರಡು ಕಡೆ ಇದೆಯಲ್ಲ ಅಕ್ಕ, ಇನ್ಯಾಕೆ ಭಯ ಅಂದಿದ್ದೆ.

ಕಳೆದ ದಸರೆಗೆ ವಿಜಯವಾಡಕ್ಕೆ ಹೋಗಿದ್ದೆ. ಆಯುಧಪೂಜೆಯ ದಿನ ಅಕ್ಕ ನಮ್ಮ ತವರಿನ ಪದ್ಧತಿಯನ್ನು ಬಿಡುವವಳಲ್ಲ. ಕತ್ತರಿ, ಹೊಲಿಗೆ ಯಂತ್ರ, ಸ್ಕೂಟರ್, ಕ್ಯಾಮೆರಾ ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಒಂದು ದಿನ ರಜೆ. ಪೆಟ್ಟಿಗೆಯನ್ನು ಮಾತ್ರ ನನ್ನನ್ನು ಕೇಳದೆ ಎಂದೂ ಆರಿಸಿರಲಿಲ್ಲ.

"ಇದನ್ನೂ ಆಫ್ ಮಾಡ್ಲೇನೋ?" ಅಂತ ಪೆಟ್ಟಿಗೆ ತೋರಿಸಿ ಕೇಳಿದಳು.

"ಮಾಡಕ್ಕ. ನಾಲ್ಕು ವರ್ಷದಿಂದ ದುಡೀತಿದೆ ಪಾಪ," ಅಂದೆ. ಪಂಪಿನ ಸ್ವಿಚ್ ಆರಿಸುವವನಂತೆ ನಾನೇ ಆರಿಸಿದೆ, ಮೇಲೊಂದು ಸೇವಂತಿಗೆಯನ್ನೂ ಇಟ್ಟೆ.

ಮಾರನೆಯ ಬೆಳಿಗ್ಗೆ, ವಿಜಯದಶಮಿಯಂದು, ಸ್ವಿಚ್ ಹಾಕಿದರೆ ಒಂದೇ ದೀಪ ಹಸಿರಾಯಿತು. ಇನ್ನೊಂದು ಡಿಸ್ಕ್ ತಿರುಗಲೇ ಇಲ್ಲ. ನಾಲ್ಕು ವರ್ಷ ನಿಲ್ಲದೆ ಓಡಿದ್ದು ಒಂದು ದಿನ ತಣ್ಣಗಾಗಿದ್ದೇ ಸಾಕಾಗಿತ್ತು. ಆಗಲೂ ನನ್ನ ಜಂಭ ಇಳಿದಿರಲಿಲ್ಲ. "ನೋಡಿದ್ಯಾ, ಇದಕ್ಕೇ ಎರಡು ಹಾಕಿದ್ದು," ಅಂದೆ. ಕಾಫಿ ಮುಗಿಸುವಷ್ಟರಲ್ಲಿ ಎರಡನೆಯದು ಟಿಕ್ ಟಿಕ್ ಅನ್ನತೊಡಗಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಕೆಂಪು ಅಕ್ಷರದ ಎಚ್ಚರಿಕೆ ಬಂತು.

ಹಬ್ಬದ ದಿನ, ಅಂಗಡಿಗಳೆಲ್ಲ ಮುಚ್ಚಿದ್ದವು. ದೇವಿಯ ಬೆಟ್ಟ ಇಂದ್ರಕೀಲಾದ್ರಿಗೆ ಹೋಗುವ ಜನರಿಂದ ರಸ್ತೆಗಳೂ ಕಟ್ಟಿಹೋಗಿದ್ದವು. ನನ್ನ ಬ್ಯಾಗಿನಲ್ಲಿ ಖಾಲಿ ಡಿಸ್ಕ್ ಒಂದಿತ್ತು. ಅದನ್ನು ಸಿಕ್ಕಿಸಿದೆ. ನಕಲು ಇರುವೆಯ ವೇಗದಲ್ಲಿ ಸಾಗಿತು, ನಡುನಡುವೆ ನಿಂತೇ ಬಿಡುತ್ತಿತ್ತು.

"ಅಕ್ಕ, ಇದು ಎಷ್ಟು ಹೊತ್ತು ಬದುಕಿರುತ್ತೋ ಗೊತ್ತಿಲ್ಲ. ಯಾವುದು ಮೊದಲು ಹೇಳು. ಭಾವಂದು ಮೊದಲು ತಗೊಳ್ಳಲಾ? ಅದು ಚಿಕ್ಕದು, ಅರ್ಧ ಗಂಟೇಲಿ ಮುಗಿಯುತ್ತೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನೇಕಾರರದ್ದು ಮೊದಲು," ಅಂದಳು.

"ಅಕ್ಕ, ಅರ್ಧ ಗಂಟೆ ಅಷ್ಟೆ."

"ಆ ಅರ್ಧ ಗಂಟೇಲಿ ನಿಂತುಹೋದ್ರೆ? ಅವರಲ್ಲಿ ಆರು ಜನ ಈಗಿಲ್ಲ ಕಣೋ. ಮಕ್ಕಳು ಮಗ್ಗಾನೇ ಮಾರಿದಾರೆ. ನಂಬಿ ನನ್ನ ಕೈಗೆ ಕೊಟ್ಟಿದ್ದು ಅದು. ಇದು ನಂದು. ನಂದು ಕೊನೇಗೆ."

ನೇಕಾರರ ಫೋಲ್ಡರನ್ನೇ ಮೊದಲು ಎಳೆದು ಹಾಕಿದೆ. ವಾದ ಮಾಡುವ ಮುಖ ನನಗೆಲ್ಲಿತ್ತು?

ಬೆಳಿಗ್ಗೆ ಒಂಬತ್ತಕ್ಕೆ ಕೂತವರು ಮಧ್ಯಾಹ್ನ ಮೂರಾದರೂ ಎದ್ದಿರಲಿಲ್ಲ. ಪಕ್ಕದ ಮನೆಯಾಕೆ ಜಮ್ಮಿ ಮರದ ಪೂಜೆಗೆ ಕರೆಯಲು ಬಂದರು. ನಾವು ಬನ್ನಿ ಅನ್ನುವುದನ್ನೇ ಇಲ್ಲಿ ಜಮ್ಮಿ ಅನ್ನುತ್ತಾರೆ. ಅಕ್ಕ ಬಾಗಿಲಿನಿಂದಲೇ ಅವರನ್ನು ವಾಪಸ್ ಕಳಿಸಿದಳು. ಬೇಳೆ ಹೋಳಿಗೆ ತಟ್ಟೆಯಲ್ಲಿ ಒಣಗುತ್ತಿತ್ತು. ಡಿಸ್ಕ್ ಟಿಕ್ ಅಂದಾಗಲೆಲ್ಲ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ಆ ಅಂಗಡಿಯವನ ಮುಖ ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಮೂರೂವರೆಗೆ ನೇಕಾರರದ್ದು ಮುಗಿಯಿತು. ಎಲ್ಲ ಬಂದಿತ್ತು. ಅಕ್ಕ ಎರಡು ಫೋಟೊ ತೆರೆಸಿ ನೋಡಿ, "ಹ್ಞೂಂ, ಇನ್ನು ಅವರದ್ದು," ಅಂದಳು. ಭಾವನ ಫೋಲ್ಡರ್ ಎಳೆದು ಹಾಕಿದೆ. ಮೊದಲ ಕಡತದ ಹೆಸರು ಕಾಣಿಸಿತು. ಡಿಸ್ಕ್ ಒಮ್ಮೆ ಕರಕರ ಅಂದು ಸುಮ್ಮನಾಯಿತು. ಹಸಿರು ದೀಪ ಆರಿತು. ನಾನು ಸ್ವಿಚ್ ಆರಿಸಿ ಹಾಕಿದೆ, ಹಾಕಿ ಆರಿಸಿದೆ.

"ಬಿಡು, ಸಾಕು," ಅಂದಳು ಅಕ್ಕ.

ಆ ಎರಡು ಡಿಸ್ಕುಗಳನ್ನು ರಿಪೇರಿ ಮಾಡುವ ಕಡೆಗೂ ಕಳಿಸಿದೆ. ಒಳಗೆಲ್ಲ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಅಂದರು. ಎರಡರಲ್ಲೂ ಒಂದೇ ಬಗೆಯ ಗೀರಂತೆ.

ತಿಂಗಳ ನಂತರ ಹೊಸ ಡಿಸ್ಕ್ ಹಾಕಲು ಮತ್ತೆ ಹೋದೆ. ಒಂದನ್ನು ವಿಶಾಖಪಟ್ಟಣದಲ್ಲಿ, ಇನ್ನೊಂದನ್ನು ವಿಜಯವಾಡದಲ್ಲಿ ಕೊಂಡಿದ್ದೆ. ಕಂಪನಿ ಬೇರೆ, ಅಳತೆ ಮಾತ್ರ ಒಂದೇ. ಮೂರನೆಯದೊಂದು ನಕಲು ನನ್ನ ಮನೆಯಲ್ಲಿರಲಿ ಅಂತ ಅದಕ್ಕೂ ಒಂದು ಡಿಸ್ಕ್ ತಂದಿದ್ದೆ. ಕೆಲಸ ಮುಗಿಯುವವರೆಗೆ ಅಕ್ಕ ಪಕ್ಕದಲ್ಲೇ ಕೂತಿದ್ದಳು.

"ಅಕ್ಕ, ತಪ್ಪು ನಂದು," ಅಂದೆ. ಅಂಗಡಿಯವನು ಹೇಳಿದ್ದನ್ನೂ ಹೇಳಿದೆ.

ಅವಳು ಪೆಟ್ಟಿಗೆಯ ಎರಡು ಹಸಿರು ದೀಪಗಳನ್ನೇ ನೋಡುತ್ತ, "ಅವರು ಬ್ಯಾಂಕಿಂದ ಬಂದು ಬಾಗಿಲಲ್ಲಿ ನಿಂತು ಕಾಫಿ ಕೇಳ್ತಿದ್ರಲ್ಲ, ಹೇಗೆ ಕೇಳ್ತಿದ್ರು ಹೇಳು," ಅಂದಳು.

"ಒಂದು ಲೋಟ ಕಾಫಿ ಸಿಗುತ್ತಾ ಅಂಡಿ," ಅಂದೆ. ನನ್ನ ಗಂಟಲಿನಿಂದ ನನ್ನ ದನಿಯೇ ಬಂತು.

"ಹಾಗಲ್ಲ. 'ಸಿಗುತ್ತಾ' ಅನ್ನೋದನ್ನ ಸ್ವಲ್ಪ ಎಳೀತಿದ್ರು." ಅವಳು ತಾನೇ ಹೇಳಿ ನೋಡಿದಳು. ತಲೆ ಅಲ್ಲಾಡಿಸಿ ಇನ್ನೊಮ್ಮೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಹೀಗೇನಾ? ನಿನಗೆ ನೆನಪಿದೆಯಾ?" ಅಂತ ಕೇಳಿದಳು.

ನನಗೆ ನೆನಪಿರಲಿಲ್ಲ. ಹೌದು ಅಂದೆ.