ಚಳಿಗಾಲದ ಮೀನಿಗೆ ಕಡ್ಲೇಪುರಿ

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿದ್ದಾಗ ನಮ್ಮ ಯಜಮಾನರು ಹಿತ್ತಲಲ್ಲಿ ಕೊಳ ತೋಡಿ ಕೋಯ್ ಎಂಬ ಬಣ್ಣಬಣ್ಣದ ಜಪಾನಿ ಮೀನು ಸಾಕಿದ್ದರು. ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೊರಟಾಗ, ಆ ರಾಜ್ಯದ ಕಾನೂನಿನ ಪ್ರಕಾರ ಕೋಯ್ ಸಾಕುವ ಹಾಗೇ ಇಲ್ಲ ಎಂದು ಗೊತ್ತಾಯಿತು. ಪಕ್ಕದ ಮನೆಯವರಿಗೆ ಕೊಟ್ಟು ಬಂದೆವು. ಸದ್ಯ, ಪೀಡೆ ತೊಲಗಿತು ಅಂದುಕೊಂಡೆ. ಸುಮ್ಮನಿರುವ ಆಸಾಮಿಯೇ ಅವರು? ಮೆಲ್ಬರ್ನ್‌ನ ಪಾಯಿಂಟ್ ಕುಕ್‌ ಮನೆಯಲ್ಲೂ ಕೊಳ ತೋಡಿ ಗೋಲ್ಡ್‌ಫಿಶ್ ಬಿಟ್ಟರು.

ಚಳಿಗೆ ನೀರು ತಣ್ಣಗಾದರೆ ಮೀನಿನ ಹೊಟ್ಟೆ ಕೆಲಸ ಮಾಡುವುದಿಲ್ಲವಂತೆ. ತಿಂದದ್ದು ಒಳಗೇ ಕೊಳೆತು ಸಾಯುತ್ತವಂತೆ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆ ದೇವಸ್ಥಾನದ ಕಲ್ಯಾಣಿಯ ಮೀನಿಗೆ ಪುರಿ ಹಾಕಿ ಅಭ್ಯಾಸವಾದವರು. ಅದಕ್ಕೇ ಇವರು ಹೇಳಿಟ್ಟಿದ್ದರು: “ಅಮ್ಮಾ, ಚಳಿ ಮುಗಿಯೋವರ್ಗೂ ಏನೂ ಹಾಕ್ಬೇಡ. ಸತ್ತೇ ಹೋಗ್ತವೆ.” ಮೀನುಗಳು ತಳದಲ್ಲಿ ಅಲ್ಲಾಡದೆ ನಿಂತಿರುತ್ತಿದ್ದವು. ಇವೆಯೋ ಹೋದವೋ ತಿಳಿಯದೆ, ನೋಡಿದಾಗಲೆಲ್ಲ ಬಗ್ಗಿ, ಕಿವಿರು ಆಡುತ್ತಿದೆಯೇ ಎಂದು ಹುಡುಕುತ್ತಿದ್ದೆ.

ಅಲ್ಲಿ ನಡುಚಳಿಗಾಲವಾದ ಆ ಜುಲೈನಲ್ಲೇ ಇವರ ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು ಡಾಕ್ಟರು. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ದಿನಾ ಅಳುತ್ತಿದ್ದೆ. ಅತ್ತೆ ಮಾತ್ರ ಒಂದು ತೊಟ್ಟು ಕಣ್ಣೀರು ಹಾಕದೆ, ದೇವರಿಗೆ ದೀಪ ಹಚ್ಚಿ, ಶಾಲು ಹೊದ್ದು ಹಿತ್ತಲಿಗೆ ಹೋಗುತ್ತಿದ್ದರು. ಇದೆಂಥ ಕಲ್ಲು ಮನಸ್ಸಪ್ಪಾ ಎಂದು ನನಗೆ ಒಳಗೊಳಗೇ ಸಿಟ್ಟು.

ಇವರನ್ನು ಅಡ್ಮಿಟ್ ಮಾಡಿ ಬಂದ ಮಧ್ಯಾಹ್ನ ನೋಡುತ್ತೇನೆ, ಅತ್ತೆ ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಡ್ಲೇಪುರಿ ಎರಚುತ್ತಿದ್ದಾರೆ!

“ಅಯ್ಯೋ, ಏನ್ ಮಾಡ್ತಿದೀರಾ ಅತ್ತೆ? ಸತ್ತೋಗ್ತವೆ ಅಂತ ಅವರು ಹೇಳಿರ್ಲಿಲ್ವಾ?”

“ಹೇಳಿದ್ದ. ಅದಕ್ಕೇ ಹಾಕ್ತಿದೀನಿ.”

ನಾನು ಅವರ ಕೈಯಿಂದ ಪುರಿಯ ಪೊಟ್ಟಣ ಕಸಿದುಕೊಂಡೆ.

“ಸಾಕಿದ ಮೀನು ಸತ್ರೆ ಮನೆಯವರ ಗಂಡಾಂತರ ಅದರ ಜೊತೇಲೇ ಹೋಗತ್ತೆ ಕಣೇ. ಒಂದಾದ್ರೂ ತಿನ್ಲಿ ಅಂತ ದಿನಾ ಹಾಕ್ತಿದೀನಿ. ಹಾಳಾದವು, ಮೇಲಕ್ಕೇ ಬರ್ತಿಲ್ವಲ್ಲೇ!” ಎಂದವರೇ ಸೆರಗು ಬಾಯಿಗೊತ್ತಿಕೊಂಡು ಬಿಕ್ಕತೊಡಗಿದರು.

ಅವರನ್ನು ಒಳಗೆ ಕಳಿಸಿ, ತೇಲುತ್ತಿದ್ದ ಪುರಿಯನ್ನೆಲ್ಲ ಬಲೆಯಲ್ಲಿ ಎತ್ತಿ ಹಾಕಿದೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೂ ದೇವರಾಣೆ, ಒಂದು ಮೀನಾದರೂ ಮೇಲೆ ಬರಬಾರದೇ ಅನ್ನಿಸಿತು.

ಮಾರನೆಯ ದಿನ ಆಪರೇಷನ್ ಚೆನ್ನಾಗಿ ಆಯಿತು ಎಂದು ಸರ್ಜನ್ ಬಂದು ಹೇಳಿದರು. ಕಾರಿಡಾರಿನಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಇವರು ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲೇ ದೃಷ್ಟಿ ತೆಗೆದು ಒಳಗೆ ಕರೆದುಕೊಂಡರು. ಮಗ ಮಲಗಿದ್ದೇ ತಡ, ನೆಟ್ಟಗೆ ಹಿತ್ತಲಿಗೆ ನಡೆದರು. ನಾನೂ ಹಿಂದೆಯೇ ಹೋದೆ. ತಳದಲ್ಲಿ ಮೀನುಗಳು ಮೆಲ್ಲಗೆ ಕಿವಿರು ಆಡಿಸುತ್ತಿದ್ದವು. ಅತ್ತೆ ಬಗ್ಗಿ, ಬೆರಳು ಮಾಡಿ ಒಂದೊಂದನ್ನೇ ಎಣಿಸಿದರು.

“ಎಲ್ಲಾ ಚೆನ್ನಾಗಿವೆ, ನೋಡಿ ಅತ್ತೆ,” ಎಂದೆ, ಸಮಾಧಾನವಾಗಲಿ ಎಂದು.

ಅವರ ಮುಖ ಬಿಳಿಚಿಕೊಂಡಿತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಒಳಗೆ ಮಲಗಿದ್ದವರಿಗೆ ಕೇಳಿಸದ ಹಾಗೆ ಹೇಳಿದರು: “ಒಂದೂ ಹೋಗಿಲ್ವಲ್ಲೇ. ಹಂಗಾದ್ರೆ ಬಂದಿದ್ದು ಇನ್ನೂ ಈ ಮನೇಲೇ ಇದೆ.”