ಮಾಮನ ಎಡಗೈ, ನನ್ನ ಬಲಗೈ

ಅಗ್ಗದ ಅಡಾಪ್ಟರು ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಪ್ಲಾಸ್ಟಿಕ್ಕು ಇನ್ನೇನು ಸುಟ್ಟೇಹೋಗುತ್ತದೆ ಅನ್ನಿಸುವಂಥ ವಾಸನೆ. ಹೋದ ತಿಂಗಳು ಕೊಯಮತ್ತೂರಿಗೆ, ಗಣಪತಿ ಎಂಬ ಬಡಾವಣೆಯಲ್ಲಿರುವ ಅಪ್ಪನ ಮನೆಗೆ ಹೋಗಿದ್ದಾಗ ನನ್ನ ಮಗಳು ಟಿವಿ ಗೇಮೊಂದರ ಅಡಾಪ್ಟರನ್ನು ಗೋಡೆಗೆ ಚುಚ್ಚಿದಳು. ಸ್ವಲ್ಪ ಹೊತ್ತಿಗೆಲ್ಲ ಆ ವಾಸನೆ ನಡುಮನೆಯ ತುಂಬ ಹರಡಿತು. ತಿರುಪ್ಪೂರಿನ ಎಕ್ಸಿಬಿಶನ್ನಿನಲ್ಲಿ ಹಟ ಹಿಡಿದು ಕೊಂಡದ್ದು. ಹಳೆಯ ಕಾಲದ ನೂರಾರು ಆಟಗಳನ್ನು ಒಂದೇ ಡಬ್ಬಿಗೆ ತುಂಬಿ ಮಾರುತ್ತಾರಲ್ಲ, ಅಂಥದ್ದು. ಅವಳು ಒಂದೊಂದನ್ನೇ ತೆರೆದು, ಮುಖ ಸಿಂಡರಿಸಿ ಮುಚ್ಚುತ್ತಿದ್ದಳು. ಹಾಗೆ ಮುಚ್ಚುವ ಮೊದಲು ಒಂದು ಆಟದ ಹಾಡು ಚೂರೇ ಚೂರು ಕೇಳಿಸಿತು...

ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದೆ. ನೀಲಿ ಅಂಗಿಯ ಕುಳ್ಳ ಮನುಷ್ಯ. ಕಾಲಿಟ್ಟರೆ ಉದುರುವ ಇಟ್ಟಿಗೆಗಳು. ಕೋಟೆಯಿಂದ ಕೋಟೆಗೆ ಹಾರಿಕೊಂಡು ಹೋಗಬೇಕು, ಬಿದ್ದರೆ ಮತ್ತೆ ಮೊದಲಿಂದ.

"ಇದು ಆಗೋದೇ ಇಲ್ಲಮ್ಮ, ತುಂಬಾ ಕಷ್ಟ," ಎಂದಳು ಮಗಳು.

ಅವಳ ಕೈಯಿಂದ, ಗುಂಡಿ ಒತ್ತಿ ಆಡಿಸುವ ಪ್ಯಾಡನ್ನು ಕಿತ್ತುಕೊಂಡೆ. ಹಾಗೆ ಕಿತ್ತುಕೊಳ್ಳುವ ಅಭ್ಯಾಸ ನನಗಿಲ್ಲ, ಅವಳು ಬೆಚ್ಚಿದಳು. ಮಾಮ ನೆನಪಾದದ್ದು ಆಮೇಲೆ. ಮೊದಲು ಬಂದದ್ದು ಸಿಟ್ಟು.

ಮಾಮ ಎಂದರೆ ಅಮ್ಮನ ತಮ್ಮ. ಕಾರಮಡೈಯಲ್ಲಿ ಅಮ್ಮನ ತವರಿನವರು ಮಗ್ಗ ಬಿಟ್ಟ ಮೇಲೆ ಅವನು ನಮ್ಮಲ್ಲಿಗೆ ಬಂದು ಉಳಿದ. ಅಪ್ಪ ಗಣಪತಿಯಲ್ಲೇ ಒಂದು ಪಂಪ್ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರಾಗಿದ್ದರು, ಮಾಮನನ್ನೂ ಅಲ್ಲೇ ಸೇರಿಸಿದರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ನಮ್ಮಂಥ ನೇಯ್ಗೆಯವರ ಮನೆಗಳೆಲ್ಲ ಹಾಗೇ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನೂ ಕಲಿತದ್ದು ಮದುವೆಯಾಗಿ ಮೈಸೂರು ಸೇರಿದ ಮೇಲೆ. ಬದುಕಿದ್ದಿದ್ದರೂ ಈಗ ಬರೆಯುತ್ತಿರುವ ಇದನ್ನು ನಾನೇ ಅವನಿಗೆ ಓದಿ ಹೇಳಬೇಕಾಗುತ್ತಿತ್ತು.

ಸಂಜೆ ಕೆಲಸದಿಂದ ಬಂದರೆ ಮೈಯೆಲ್ಲ ಮೆಷಿನ್ ಎಣ್ಣೆ ನಾರುತ್ತಿತ್ತು. ಸೋಪು ಹಚ್ಚಿ ಹಚ್ಚಿ ಉಜ್ಜಿಕೊಳ್ಳುತ್ತ ಬಚ್ಚಲಲ್ಲಿ ಸಿಳ್ಳೆ ಹೊಡೆಯುತ್ತಿದ್ದ. ಜೇಬಿನಲ್ಲಿ ನನಗಾಗಿ ತಗಡಿನ ಚೂರುಗಳಿರುತ್ತಿದ್ದವು. ಪ್ರೆಸ್ ಮೆಷಿನ್ನು ಕತ್ತರಿಸಿ ಉಗುಳಿದ, ಹೂವಿನಂಥ ಗಾಲಿಯಂಥ ಹೊಳೆಯುವ ಚೂರುಗಳು. ಅಂಚು ಕೈ ಕೊಯ್ಯದಿರಲೆಂದು ಕಲ್ಲಿಗೆ ಉಜ್ಜಿ ತರುತ್ತಿದ್ದ. ನನ್ನ ಕೈಗೆ ಗಾಯವಾಗದಂತೆ ಅಷ್ಟು ನೋಡಿಕೊಂಡವನು...

ಆ ಪ್ರೆಸ್ಸಿನ ಮುಂದೆ ಕೈ ಒಳಗೆ ಹೋಗದಂತೆ ತಡೆಯಲು ಒಂದು ಕಬ್ಬಿಣದ ಜಾಲರಿ ಇರುತ್ತದೆ. ಗಾರ್ಡು ಅನ್ನುತ್ತಾರೆ. ಅದಿದ್ದರೆ ಕೆಲಸ ನಿಧಾನ ಅಂತ ವರ್ಕ್‌ಶಾಪಿನ ಯಜಮಾನ ಅದನ್ನು ಕಳಚಿಸಿ ಮೂಲೆಗೆ ಹಾಕಿಸಿದ್ದ. ಎಲ್ಲರೂ ಅವನನ್ನು ಮೊದಲಾಳಿ ಎಂದೇ ಕರೆಯುತ್ತಿದ್ದದ್ದು. ಗಾರ್ಡಿನ ವಿಷಯ ನನಗೆ ಗೊತ್ತಾದದ್ದು ಅಪ್ಪನ ಬಾಯಿಂದಲೇ. ಊಟಕ್ಕೆ ಕೂತಾಗ ಅಮ್ಮನ ಹತ್ತಿರ ಎಷ್ಟೋ ಸಲ ಗೊಣಗಿದ್ದರು. "ಮೊದಲಾಳಿ ಗಾರ್ಡು ಕಳಚಿಸವ್ನೆ. ಒಂದಿನ ಯಾರ್ದಾರ ಕೈ ಹೋಯ್ತದೆ ನೋಡು."

ಹೋದದ್ದು ಮಾಮನ ಕೈ. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಬೆರಳು. ಅವನಿಗೆ ಆಗಿನ್ನೂ ಮೀಸೆ ಸರಿಯಾಗಿ ದಟ್ಟವಾಗಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮೊದಲಾಳಿ ಅವನನ್ನು ನೋಡಲು ಬಂದ. ಸೇಬು ತಂದಿದ್ದ, ಜೊತೆಗೊಂದು ರಟ್ಟಿನ ಪೆಟ್ಟಿಗೆ. ಒಳಗೆ ಅವನ ಮಗ ಆಡಿ ಬಿಟ್ಟ ಟಿವಿ ಗೇಮು, ಒಂದೇ ಒಂದು ಆಟದ ಕ್ಯಾಸೆಟ್ಟು. "ಪಾವಂ ತಂಬಿ, ವೀಟ್ಲ ಪೊಳುದು ಪೋಗಣುಮ್ಲ," ಎಂದ. ಪಾಪ ಹುಡುಗ, ಮನೆಯಲ್ಲಿ ಹೊತ್ತು ಹೋಗಬೇಕಲ್ಲ ಅಂತ. ಅಪ್ಪ ಕೈಕಟ್ಟಿಕೊಂಡು ನಿಂತೇ ಇದ್ದರು. ಅಮ್ಮ ಕಾಫಿ ಕೊಟ್ಟಳು.

ಪೆಟ್ಟಿಗೆ ಬಿಚ್ಚಿದ ಮೇಲೆ ಗೊತ್ತಾಯಿತು. ಓಡಿಸುವ ಗುಂಡಿಗಳು ಪ್ಯಾಡಿನ ಎಡಗಡೆ, ಹಾರಿಸುವ ಗುಂಡಿ ಬಲಗಡೆ, ಬಲ ಹೆಬ್ಬೆರಳಿಗೆ. ಹೆಬ್ಬೆರಳು ಕಿತ್ತುಕೊಂಡವನು ಹೆಬ್ಬೆರಳಿನಿಂದ ಆಡುವ ಆಟವನ್ನು ಕೊಟ್ಟು ಹೋಗಿದ್ದ. ಬೇಕೆಂದೇ ಮಾಡಿದ್ದರೆ ದುಷ್ಟ ಅನ್ನಬಹುದಿತ್ತು. ಅವನಿಗೆ ಅದು ಹೊಳೆದೇ ಇರಲಿಲ್ಲ, ಅಷ್ಟೇ. ಈಗಲೂ ನನ್ನ ಮೈ ಉರಿಯುವುದು ಅದಕ್ಕೆ. ತಾನು ಮುರಿದ ಕೈಯನ್ನು ಆ ಮನುಷ್ಯ ಒಮ್ಮೆ ನೆಟ್ಟಗೆ ನೋಡಿಯೂ ಇರಲಿಲ್ಲ.

ಮಾಮ ಪ್ಯಾಡನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಚಾಪೆಯ ಮೇಲೆ ತನ್ನ ಬಲಕ್ಕೆ ಜಾಗ ಮಾಡಿ, "ಬಾ ಕಣ್ಣು, ನೀ ಹಾರ್ಸು, ನಾ ಓಡಿಸ್ತೀನಿ," ಎಂದ. ನನ್ನನ್ನು ಅವನು ಮುದ್ದಿನಿಂದ ಕರೆಯುತ್ತಿದ್ದದ್ದೇ ಕಣ್ಣು ಅಂತ.

ಹಾಗೆ ಶುರುವಾಯಿತು. ಒಂದು ಪ್ಯಾಡು, ಅರ್ಧ ಅವನ ತೊಡೆಯ ಮೇಲೆ, ಅರ್ಧ ನನ್ನ ತೊಡೆಯ ಮೇಲೆ. ಅವನ ಎಡಗೈ ಕುಳ್ಳನನ್ನು ಓಡಿಸುತ್ತಿತ್ತು, ನನ್ನ ಬಲಗೈ ಹಾರಿಸುತ್ತಿತ್ತು. ಮೊದಮೊದಲು ದಾರಿಯ ಪ್ರತಿ ಹಳ್ಳಕ್ಕೂ ಅವನು "ಈಗ!" ಎಂದು ಕೂಗಬೇಕಿತ್ತು, ಆದರೂ ನಾನು ತಡಮಾಡುತ್ತಿದ್ದೆ, ಕುಳ್ಳ ಬೀಳುತ್ತಿದ್ದ. ಬೈಯುತ್ತಿರಲಿಲ್ಲ. ಕ್ರಮೇಣ ಕೂಗುವುದೇ ಬೇಡವಾಯಿತು. ಮಾಮ ಉಸಿರು ಹಿಡಿದರೆ ನನಗೆ ತಿಳಿಯುತ್ತಿತ್ತು, ಹಾರುವ ಜಾಗ ಬಂತು ಅಂತ. ಶಾಲೆ ಬಿಟ್ಟ ಕೂಡಲೇ ಓಡಿ ಬರುತ್ತಿದ್ದೆ. ಬ್ಯಾಂಡೇಜು ಸುತ್ತಿದ ಕೈಯನ್ನು ಅವನು ಬೆನ್ನ ಹಿಂದೆ ಅಡಗಿಸಿಟ್ಟುಕೊಂಡು ಕೂರುತ್ತಿದ್ದ. ಆಟ ಏರಿದಾಗ ಅದು ತಾನಾಗಿ ಮುಂದೆ ಬರುತ್ತಿತ್ತು... ಅದನ್ನು ಅವನು ಮರೆತ ಗಳಿಗೆಗಳು ಅವು ಮಾತ್ರ ಅನ್ನಿಸುತ್ತದೆ.

ಮೂರು ಕೋಟೆ ದಾಟಿದೆವು. ನಾಲ್ಕನೆಯದರ ಬಾಗಿಲು ತೆರೆದಾಗ ಮೇಲಿನ ಚಾವಣಿಯಿಂದ ದೊಡ್ಡ ದೊಡ್ಡ ಕಲ್ಲಿನ ದಿಮ್ಮಿಗಳು ಸಾಲಾಗಿ ಇಳಿದು ನೆಲಕ್ಕೆ ಬಡಿದು ಮೇಲೇರುತ್ತಿದ್ದವು. ಡಬ್, ಡಬ್, ಡಬ್. ಅವುಗಳ ಅಡಿಯಿಂದ ನುಸುಳಿ ಹೋಗಬೇಕು. ಮಾಮ ಸ್ವಲ್ಪ ಹೊತ್ತು ನೋಡಿದ. ಪ್ಯಾಡನ್ನು ಬಿಟ್ಟು ಎದ್ದುಹೋಗಿ ಹಿತ್ತಲಲ್ಲಿ ವಾಂತಿ ಮಾಡಿಕೊಂಡ.

ಇನ್ನು ಆಡುವುದಿಲ್ಲ ಅಂದುಕೊಂಡೆ. ಕೆಲವು ದಿನ ಆ ಕಡೆ ತಿರುಗಿ ನೋಡಲೂ ಇಲ್ಲ ಅವನು. ಆಮೇಲೊಂದು ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ತಂತಿಗಳನ್ನೆಲ್ಲ ಸಿಕ್ಕಿಸಿಕೊಂಡು ಕೂತಿದ್ದ. "ಇದ್ನ ಬುಡಬಾರ್ದು ಕಣ್ಣು," ಎಂದ. ಆ ಕೋಟೆಯಲ್ಲಿ ನಾವು ಎಷ್ಟು ಸಲ ಸತ್ತೆವೋ. ಒಂದು ದಿಮ್ಮಿ ದಾಟುವುದು, ಎರಡನೆಯದಕ್ಕೆ ಸಿಕ್ಕಿ ಅಪ್ಪಚ್ಚಿಯಾಗುವುದು, ಮತ್ತೆ ಮೊದಲ ಕೋಟೆಯಿಂದ ಶುರು. ಮಾಡಿದವರಿಗೆ ಮಕ್ಕಳ ಮೇಲೆ ಏನು ಹಗೆಯಿತ್ತೋ ಎನ್ನುವಂಥ ಆಟ ಅದು. ಆದರೂ ಮಾಮ ಮತ್ತೆ ನಗಲು ಶುರುಮಾಡಿದ್ದು ಆ ಕೋಟೆಯಲ್ಲೇ.

ಅಷ್ಟರಲ್ಲಿ ವಿಚಾರಣೆಗೆ ಫ್ಯಾಕ್ಟರಿ ಇನ್ಸ್‌ಪೆಕ್ಟರು ಮನೆಗೇ ಬಂದರು, ಜೊತೆಗೆ ವರ್ಕ್‌ಶಾಪಿನ ಮ್ಯಾನೇಜರು. ನಾವಿಬ್ಬರೂ ಆಡುತ್ತ ಕೂತಿದ್ದೆವು. ಆಟ ನಿಲ್ಲಿಸಿದೆ. ಟಿವಿಯಲ್ಲಿ ಕುಳ್ಳ ದಿಮ್ಮಿಯ ಅಡಿಯಲ್ಲಿ ನಿಂತಿದ್ದ, ದಿಮ್ಮಿ ಅರ್ಧ ಇಳಿದಿತ್ತು.

ಇನ್ಸ್‌ಪೆಕ್ಟರು ಅಪ್ಪನನ್ನು ಕೇಳಿದರು, ಮೆಷಿನ್ನಿಗೆ ಗಾರ್ಡು ಇತ್ತಾ ಅಂತ. ಅಪ್ಪ ತಮಿಳಿನಲ್ಲಿ ಉತ್ತರ ಹೇಳಿದರು. ಒಂದೊಂದು ಮಾತೂ ನನಗೆ ಅರ್ಥವಾಯಿತು. ಗಾರ್ಡು ಇತ್ತು ಸಾರ್. ಇವನೇ ಕಳಚಿಟ್ಟ. ನಾನು ಬೈದರೂ ಕೇಳಲಿಲ್ಲ.

ಇನ್ಸ್‌ಪೆಕ್ಟರು ಮಾಮನತ್ತ ತಿರುಗಿ ನಿಜವಾ ಎಂದರು. ಮಾಮ ಟಿವಿಯಿಂದ ಕಣ್ಣು ಕೀಳದೆ "ಆಮಾ ಸಾರ್," ಎಂದ. ಹೌದು ಸಾರ್. ಅಷ್ಟೇ. ಮ್ಯಾನೇಜರು ಅಪ್ಪನ ಹೆಗಲು ತಟ್ಟಿ ಹೊರಟ.

ಅವರು ಗೇಟು ದಾಟುವ ಮುಂಚೆಯೇ ಮಾಮ, "ಒತ್ತು ಕಣ್ಣು," ಎಂದ. ಒತ್ತಿದೆ. ಏನೂ ಕಾಣಿಸುತ್ತಿರಲಿಲ್ಲ, ಕಣ್ಣ ತುಂಬ ನೀರು. ಆಗ ಅಮ್ಮ ಅಡುಗೆಮನೆಯಿಂದ ಬಂದಳು. ತಂತಿಗಳನ್ನು ಕಿತ್ತಳು. ಗೇಮು, ಪ್ಯಾಡು, ಕ್ಯಾಸೆಟ್ಟು ಎಲ್ಲವನ್ನೂ ಅಕ್ಕಿ ಚೀಲಕ್ಕೆ ತುರುಕಿಕೊಂಡು, ಚಪ್ಪಲಿಯನ್ನೂ ಹಾಕದೆ ಬೀದಿಗಿಳಿದಳು. ಅಪ್ಪ ಬಾಗಿಲಲ್ಲಿ ನಿಂತು ಕೂಗಿದರು. ಅವಳು ತಿರುಗಿ ನೋಡಲಿಲ್ಲ. ವರ್ಕ್‌ಶಾಪಿನೊಳಗೆ ನಡೆದುಹೋಗಿ, ಕೆಲಸಗಾರರೆಲ್ಲ ನೋಡುತ್ತಿರುವಂತೆ ಮೊದಲಾಳಿಯ ಮೇಜಿನ ಮೇಲೆ ಚೀಲ ಸುರಿದು ಬಂದಳಂತೆ. ನಮ್ಮ ಮನೆಯಲ್ಲಿ ಯಾರಾದರೂ ಮಾಡಿದ ಸರಿಯಾದ ಕೆಲಸ ಅದೊಂದೇ.

ತಪ್ಪು ಅವನದೇ ಎಂದಾದ್ದರಿಂದ ಮಾಮನಿಗೆ ಪರಿಹಾರವೂ ಸಿಗಲಿಲ್ಲ, ಕೆಲಸವೂ ಸಿಗಲಿಲ್ಲ. ಕಾರಮಡೈಯಲ್ಲಿ ಹೆಣ್ಣು ಕೊಡುತ್ತೇವೆ ಅಂದಿದ್ದವರು, ತನ್ನ ಕೈಯನ್ನೇ ಕಾಪಾಡಿಕೊಳ್ಳದವನು ನಮ್ಮ ಮಗಳನ್ನೇನು ಕಾಪಾಡುತ್ತಾನೆ ಎಂದರು. ಅಪ್ಪ ಅದೇ ವರ್ಕ್‌ಶಾಪಿನಲ್ಲಿ ಮೇಲೆ ಮೇಲೆ ಹೋದರು. ಮಾಮ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಗೇಟಿನಲ್ಲಿ ವಾಚ್‌ಮನ್ ಆದ. ಪೊಂಗಲಿಗೆ ಬರುತ್ತಿದ್ದ. ಎಡಗೈಯಲ್ಲಿ ಉಣ್ಣುವುದು ಯಾರಿಗೂ ಕಾಣಬಾರದೆಂದು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ದೊಡ್ಡವಳಾದ ಮೇಲೆ ಒಮ್ಮೆ ಕೇಳಿಬಿಟ್ಟೆ, ಅಪ್ಪನ ಮೇಲೆ ಸಿಟ್ಟಿಲ್ವಾ ಅಂತ. "ಭಾವ ಒಳ್ಳೇರು ಕಣ್ಣು, ಬುಡು," ಎಂದ. ಆ ಮಾತಿಗೆ ಅವನ ಮೇಲೂ ಸಿಟ್ಟು ಬಂದಿತ್ತು. ಒಳ್ಳೆಯವರಂತೆ!

ಅವನು ತೀರಿಕೊಂಡು ಎರಡು ವರ್ಷವಾಯಿತು. ಜ್ವರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಂಪನಿ ಕೊಟ್ಟ ರೂಮಿನಲ್ಲಿ ಒಬ್ಬನೇ ಮಲಗಿದ್ದನಂತೆ. ನಾನು ಮೈಸೂರಿನಿಂದ ಹೋಗುವ ಹೊತ್ತಿಗೆ ಹೂವು ಹಾಕಿ ಮಲಗಿಸಿದ್ದರು. ಚೆನ್ನಾಗಿ ಕಾಣಲಿ ಎಂದು ಬಲಗೈಯನ್ನು ಬಟ್ಟೆಯೊಳಗೆ ಮುಚ್ಚಿಟ್ಟಿದ್ದರು. ನಾನು ಅದನ್ನು ಹೊರಗೆ ತೆಗೆದು ಎದೆಯ ಮೇಲಿಟ್ಟೆ. ಯಾರೋ ಬೇಡಮ್ಮ ಎಂದರು, ಸುಮ್ಮನಿರಿ ಎಂದೆ. ಅಪ್ಪ ಬಂದಿರಲಿಲ್ಲ. ಮಂಡಿ ನೋವು ಅಂತ ಫೋನಿನಲ್ಲಿ ಹೇಳಿದರು...

ಹೋದ ತಿಂಗಳು ಮಗಳ ಕೈಯಿಂದ ಪ್ಯಾಡು ಕಿತ್ತುಕೊಂಡು ಟಿವಿಯ ಮುಂದೆ ನೆಲದ ಮೇಲೇ ಕೂತೆ. ಆಡಲು ಶುರುಮಾಡಿದೆ. ಹಾರುವುದು ನನ್ನ ಬಲ ಹೆಬ್ಬೆರಳಿಗೆ ಮರೆತೇ ಇರಲಿಲ್ಲ. ಆದರೆ ಓಡುವುದು ಬರಲಿಲ್ಲ. ಎಡ ಹೆಬ್ಬೆರಳು ದಡ್ಡಿಯ ಹಾಗೆ ತಡವರಿಸಿತು. ಆ ಕೆಲಸ ಅದು ಯಾವತ್ತೂ ಮಾಡಿರಲಿಲ್ಲವಲ್ಲ, ಅದು ಮಾಮನದು. ಮೊದಲನೆಯ ಹಳ್ಳಕ್ಕೇ ಬಿದ್ದೆ. ಮತ್ತೆ ಬಿದ್ದೆ. ಮಗಳು ಬೇಸತ್ತು ಮೊಬೈಲು ಹಿಡಿದುಕೊಂಡಳು. ಒಲೆಯ ಮೇಲಿನ ಸಾಂಬಾರು ತಳ ಹಿಡಿಯಿತು. ನಾನು ಏಳಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಲ್ಕನೆಯ ಕೋಟೆಗೆ ಬಂದೆ. ಅದೇ ದಿಮ್ಮಿಗಳು, ಅದೇ ಡಬ್ ಡಬ್. ಹಲ್ಲು ಕಚ್ಚಿಕೊಂಡು ಆಡಿದೆ. ಕೊನೆಗೂ ಕೊನೆಯ ದಿಮ್ಮಿಯ ಅಡಿಯಿಂದ ಕುಳ್ಳ ಆಚೆ ಬಂದ. ಬಾಗಿಲು ತೆರೆಯಿತು. ಆಚೆಗೆ ಏನಿತ್ತು ಗೊತ್ತೆ? ಮೊದಲನೆಯ ಕೋಟೆ. ಇಟ್ಟಿಗೆಯ ಬಣ್ಣ ಕೆಂಪಿದ್ದದ್ದು ಹಸಿರಾಗಿತ್ತು, ಬೇರೇನಿಲ್ಲ. ಇಷ್ಟಕ್ಕಾಗಿಯೇ ಆ ಮನುಷ್ಯ ವಾಂತಿ ಮಾಡಿಕೊಂಡು ಮತ್ತೆ ಎದ್ದು ಬಂದು ಕೂತದ್ದು?

"ಆ ಸದ್ದು ನಿಲ್ಸು," ಎಂದರು ಅಪ್ಪ, ಮಂಚದ ಮೇಲಿಂದ.

"ಏನುಕ್ಕು? ಗ್ಯಾಪಕ ಬಂತಾ?" ಎಂದೆ. ಇಷ್ಟು ವರ್ಷ ಅವರ ಮುಂದೆ ಎತ್ತದ ಮಾತು.

ಅಪ್ಪ ಕನ್ನಡಕ ತೆಗೆದು ದಿಂಬಿನ ಪಕ್ಕ ಇಟ್ಟರು. ಆಮೇಲೆ ಹೇಳಿದರು. "ಅವನೇ ಹೇಳಾಕೆ ಹೇಳಿದ್ದು. ಆಸ್ಪತ್ರೇಲಿ. ಭಾವ, ನನ್ ಕೈ ಎಂಗೂ ಹೋಯ್ತು, ನಿಮ್ ಕೆಲ್ಸಾನೂ ಹೋದ್ರೆ ಅಕ್ಕ, ಪಾಪು ಏನ್ ಮಾಡ್ತರೆ, ನಾನೇ ಕಳಚ್ದೆ ಅಂತ ಹೇಳ್ಬುಡಿ ಅಂದ."

ಪ್ಯಾಡು ನನ್ನ ಕೈಯಲ್ಲೇ ಇತ್ತು. ಹಸಿರು ಕೋಟೆಯಲ್ಲಿ ಕುಳ್ಳ ಬಿದ್ದು ಸತ್ತ.

"ಅವನು ಹೇಳ್ದ ಅಂತ ನೀವು ಹೇಳ್ಬುಟ್ರಾ?" ಎಂದೆ. "ಅವನ್ಗೆ ಆಗ ಏನ್ ವಯಸ್ಸಪ್ಪಾ? ನಿಮ್ಗೆ ಏನ್ ವಯಸ್ಸು?"

ಅಪ್ಪ ಗೋಡೆಯ ಕಡೆ ಮಗ್ಗುಲಾದರು. ಸ್ವಲ್ಪ ಹೊತ್ತಿನ ಮೇಲೆ, ಕುಡಿಯಲು ಮೋರು ಇದೆಯಾ ಎಂದು ಮಗಳನ್ನು ಕೇಳಿದರು. ಅವಳಿಗೆ ಮೋರು ಎಂದರೆ ಮಜ್ಜಿಗೆ ಎಂದು ಗೊತ್ತಾಗಲಿಲ್ಲ. ನಾನು ಹೇಳಲಿಲ್ಲ.

ನಿಜವೇ ಇರಬಹುದು. ಮಾಮ ಹಾಗೆ ಹೇಳುವವನೇ. ಸುಳ್ಳೂ ಇರಬಹುದು, ಅಂದರೆ ಅಪ್ಪ ತಪ್ಪನ್ನು ಅವನ ತಲೆಗೆ ಎರಡನೆಯ ಸಲ ಕಟ್ಟಿದರು, ಈ ಸಲ ಹೌದು ಸಾರ್ ಎನ್ನಲೂ ಅವನಿಲ್ಲದಾಗ. ಕೇಳಿ ತಿಳಿಯೋಣವೆಂದರೆ ಅಮ್ಮನೂ ಹೋಗಿ ಎಷ್ಟೋ ಕಾಲವಾಯಿತು. ನಿಜವಾಗಿದ್ದರೆ ನನ್ನ ಶಾಲೆ, ನನ್ನ ಮದುವೆ, ಈ ಅಕ್ಷರ, ಎಲ್ಲವೂ ಅವನ ಆ ಒಂದು ಮಾತಿನಿಂದ ಬಂದವು. ಅದನ್ನು ನನಗೆ ಹೇಳದೆ ಹೋದ. ಒಂದು ಸಲ ಹೇಳಬಹುದಿತ್ತು ಮಾಮ...

ಮರುದಿನ ಬೆಳಿಗ್ಗೆ ಮೈಸೂರಿನ ಬಸ್ಸು ಹಿಡಿದೆವು. ನನ್ನ ಸಿಟ್ಟು ಇಳಿದಿರಲಿಲ್ಲ, ಇಂದಿಗೂ ಇಳಿದಿಲ್ಲ. ಸತ್ಯಮಂಗಲ ದಾಟಿ ಘಾಟಿ ಹತ್ತುವಾಗ ಮಗಳು ಮೆಲ್ಲಗೆ ಕೇಳಿದಳು, "ಅಮ್ಮ, ನಿನ್ನೆ ತಾತ ಹೇಳಿದ್ರಲ್ಲ, ಕೈ ಹೋದೋರು, ಅವರು ಯಾರು?"

 ಮಾಮನಿಗೆ ಹತ್ತು ಬೆರಳೂ ಇದ್ದ ದಿನಗಳಿಂದ ಶುರುಮಾಡಿದೆ.