ನಕಾಶೆಗೆ ಬಾರದ ಚಪ್ಪಲಿಗಳು

ನರಗುಂದದ ಕಾಲೇಜೊಂದರಲ್ಲಿ ನಾನು ಉಪನ್ಯಾಸಕನಾಗಿದ್ದ ವರ್ಷಗಳಲ್ಲಿ ಮೇಲಂತಸ್ತಿನ ಕಂಪ್ಯೂಟರ್ ಕೋಣೆಯ ಹೊಣೆ ನನ್ನದಾಗಿತ್ತು. ಅದರ ಬಾಗಿಲ ಮೇಲೊಂದು ಫಲಕವಿತ್ತು: 'ಪಾದರಕ್ಷೆಗಳನ್ನು ಹೊರಗೆ ಬಿಡಿ.' ಬರೆಸಿದವನು ನಾನೇ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಆ ಮಣ್ಣು ಚಪ್ಪಲಿಗೆ ಇನ್ನೊಂದು ಅಟ್ಟೆಯಂತೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಧೂಳಾಗಿ ಯಂತ್ರದೊಳಗೆ ಇಳಿಯುತ್ತದೆ. ಬೋಧಕರ ಸಭೆಯಲ್ಲಿ ಒಬ್ಬಿಬ್ಬರು ತಕರಾರು ತೆಗೆದಾಗ ನಾನು ಚರ್ಚಾಸ್ಪರ್ಧೆಯ ಹಳೆಯ ಹುರುಪಿನಲ್ಲಿ ಎದ್ದು ನಿಂತು, ಮೂರು ಕಾರಣ ಕೊಟ್ಟು, ಎದುರುಪಕ್ಷ ಹೇಳಬಹುದಾಗಿದ್ದ ಎರಡನ್ನೂ ನಾನೇ ಹೇಳಿ ಖಂಡಿಸಿ ಗೆದ್ದಿದ್ದೆ. ಗೆದ್ದ ವಾದವನ್ನು ಮತ್ತೊಮ್ಮೆ ಪರೀಕ್ಷಿಸುವ ಅಭ್ಯಾಸ ನನಗೆ ಆಗ ಇರಲಿಲ್ಲ.

ಒಂದು ಮಳೆಗಾಲದಲ್ಲಿ ಮಲಪ್ರಭೆ ಏರಿ ಕೊಣ್ಣೂರಿನ ಸೇತುವೆ ಮುಳುಗಿತು. ಹೊಳೆಯಾಚೆಯ ವಿದ್ಯಾರ್ಥಿಗಳು ಎರಡು ದಿನ ಕಾಲೇಜಿನಲ್ಲೇ ಉಳಿಯಬೇಕಾಯಿತು. ಜಮಖಾನೆಗಳು ಯಾವ ಕೋಣೆಯಲ್ಲಿವೆ ಎಂದು ಬಲ್ಲವರು ಒಬ್ಬರೇ, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ನಮ್ಮ ಹಿರಿಯ ಸಿಪಾಯಿ. ಅವರು ಅಂದು ಮದುವೆಗೆಂದು ಸವಡಿಗೆ ಹೋಗಿದ್ದರು. ನಾವು ಮಧ್ಯಾಹ್ನವಿಡೀ ಕೀಲಿಕೈ ಗೊಂಚಲು ಹಿಡಿದು ಒಂದೊಂದೇ ಬಾಗಿಲಿಗೆ ಹಾಕಿ ನೋಡಿದೆವು. ಕಟ್ಟಡವೊಂದರ ತಿಳಿವಳಿಕೆ ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು ಎಂದು ನನಗೆ ಮನದಟ್ಟಾದದ್ದು ಆಗ.

ಚಾಚಾ ಮರಳಿದ ಮೇಲೆ ಕೆಲಸ ಹಿಡಿದೆವು. ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಪ್ರತಿ ಕೋಣೆಯ ಉದ್ದಗಲ, ಬಾಗಿಲ ಅಗಲ, ಕೀಲಿಕೈ ಇರುವ ಜಾಗ, ನೀರಿನ ನಳ, ವಿದ್ಯುತ್ತಿನ ಮುಖ್ಯ ಸ್ವಿಚ್ಚು, ಬೆಂಕಿ ಬಿದ್ದರೆ ಹೊರಬರುವ ದಾರಿ, ಹೊರಬಂದವರು ನಿಲ್ಲುವ ಜಾಗ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಖಾನೆ ಖಾನೆಯಾಗಿ ತುಂಬಿ ನಕಾಶೆಗೆ ಜೋಡಿಸುತ್ತಿದ್ದೆ.

"ಚಾಚಾ, ಈ ಬಾಗಲಾ ಒಳಗ ತೆರಿತೈತೋ, ಹೊರಗೋ?"

"ಮಳಿಗಾಲದಾಗ ಎತ್ತಾಗೂ ತೆರಿಯೂದಿಲ್ರಿ ಸರ್. ಉಬ್ಬತೈತಿ. ಒದೀಬೇಕು. ಬರಕೋರಿ."

"ಒದೀಬೇಕು ಅಂತ ಬರಿಯಾಕ ಖಾನೆ ಇಲ್ರಿ."

"ಹಂಗಾರ ನಿಮ್ಮ ಖಾನೆನ ಸಣ್ಣದಾತು ಬಿಡ್ರಿ."

ನಾನು ನಕ್ಕು ಮುಂದಿನ ಬಾಗಿಲಿಗೆ ಹೋದೆ.

ಮೂರು ತಿಂಗಳ ಬಳಿಕ ಕೆಲಸ ಮುಗಿಯಿತು. ಅದರ ಒಂದು ಪ್ರತಿಯನ್ನು ಸಿ.ಡಿ.ಯಲ್ಲಿ ಅಗ್ನಿಶಾಮಕ ಠಾಣೆಗೆ ಕಳಿಸಬೇಕು, ಆಮೇಲೆ ರೋಣ, ಗಜೇಂದ್ರಗಡದ ಕಾಲೇಜುಗಳಿಗೂ ಇದೇ ಪದ್ಧತಿ ಹಬ್ಬಿಸಬೇಕು ಎಂಬುದು ನನ್ನ ಆಸೆ. ಅದಕ್ಕೆ ಪ್ರಾಚಾರ್ಯರ ಸಹಿ ಬೇಕಿತ್ತು. ನಾನು ಅರ್ಧ ತಾಸು ಮಾತಾಡಿದೆ. ಅವರು ಕನ್ನಡಕ ಒರೆಸುತ್ತ ಕೇಳಿದರು.

"ಭಾಷಣಾ ಚಲೋ ಆತು. ನಿಮ್ಮ ಭಾಷಣಕ್ಕ ಬೆಂಕಿ ಆರತೈತೇನ್ರಿ?"

"ಇಲ್ರಿ. ಆದ್ರ ಮಂದಿ ಹೊರಗ ಬರ್ತಾರ್ರಿ."

"ಹಂಗಾರ ಹೊರಗ ಬರಿಸಿ ತೋರಸ್ರಿ. ಚಾಚಾ ಗಂಟಿ ನೂರು ಪೆಟ್ಟು ಹೊಡೀತಾರ. ಅಷ್ಟರಾಗ ಮ್ಯಾಲಿನ ಮಾಳಿಗಿ ಖಾಲಿ ಆದ್ರ ಸಹಿ. ಆಗಲಿಲ್ಲಂದ್ರ ಕಂಪ್ಯೂಟರ್ ಹಾಜರಿ ಪಟ್ಟಿಗೆ, ನೀವು ಪರೀಕ್ಷಾ ವಿಭಾಗಕ್ಕ."

ನನ್ನ ಲೆಕ್ಕದಂತೆ ಅರವತ್ತು ಪೆಟ್ಟು ಸಾಕಾಗಿತ್ತು. ಬಾಗಿಲು ಮೂರೂವರೆ ಅಡಿ, ವರಾಂಡ ಐದು ಅಡಿ, ಮೆಟ್ಟಿಲುಗಳಿಗೆ ಅಡೆತಡೆಯಿಲ್ಲ.

ಕವಾಯತಿನ ದಿನ ಪ್ರಾಚಾರ್ಯರು ಅಂಗಳದಲ್ಲಿ ನಿಂತರು. ಚಾಚಾ ಗಂಟೆ ಬಾರಿಸತೊಡಗಿದರು. ನಾನು ಕಂಪ್ಯೂಟರ್ ಕೋಣೆಯಿಂದ ಹುಡುಗ ಹುಡುಗಿಯರನ್ನು ಸಾಲಾಗಿ ಎಬ್ಬಿಸಿದೆ. ಶಿಸ್ತಿನಿಂದ ಬಂದರು. ಹೊಸ್ತಿಲು ದಾಟಿದವರು ದಾಟಿದ ಹಾಗೆಯೇ ಬಗ್ಗಿದರು. ವರಾಂಡದ ತುಂಬ ಚಪ್ಪಲಿಗಳಿದ್ದವು.

"ಏ, ಎಡಗಾಲಿಂದು ನಂದೈತಿ, ಬಿಚ್ಚಲೇ!"

"ನಿಂದ ಅಂತ ಹೆಸರು ಬರದೈತೇನ?"

"ಬಿಟ್ಟು ಹೋಗ್ರಿ!" ಎಂದು ನಾನು ಕೂಗಿದೆ.

"ಬಿಡಾಕ ಬರಾಂಗಿಲ್ರಿ ಸರ್, ಮೊನ್ನೆನ ತಂದೇನಿ," ಎಂದಳು ಒಬ್ಬಳು, ತಲೆ ಎತ್ತದೆ.

ಪಕ್ಕದ ತರಗತಿಯವರು ಇವರ ಬೆನ್ನ ಹಿಂದೆ ಸಿಕ್ಕಿಕೊಂಡು ನಿಂತರು. ಅವರಿಗೆ ಮೆಟ್ಟಿಲಿಗೆ ಹೋಗಲು ಬೇರೆ ದಾರಿಯಿರಲಿಲ್ಲ. ಇಷ್ಟರಲ್ಲಿ ನಾನು ಗಮನಿಸಿದ್ದೇನೆಂದರೆ, ಬಿಟ್ಟು ಹೋಗಿ ಎಂದು ಕೂಗುತ್ತಿದ್ದ ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ನನ್ನ ಚಪ್ಪಲಿಯನ್ನು ಹುಡುಕುತ್ತಿತ್ತು.

ಕೆಳಗಿನಿಂದ ಪ್ರಾಚಾರ್ಯರ ದನಿ ಕೇಳಿತು: "ನೂರಾತು, ಚಾಚಾ. ಸಾಕು."

"ಹುಡುಗ್ರು ಇನ್ನೂ ಮ್ಯಾಲದಾರ್ರಿ ಸಾಹೇಬ್ರ. ಹ್ಯಾಂಗ ನಿಲ್ಲಸ್ಲಿ?" ಗಂಟೆ ನಿಲ್ಲಲಿಲ್ಲ.

ಎಲ್ಲರೂ ಇಳಿದ ಮೇಲೆ ಪ್ರಾಚಾರ್ಯರು ನನ್ನನ್ನು ಕರೆದರು. "ನಿಮ್ಮ ನಕಾಶೇದಾಗ ಗ್ವಾಡಿ ಐತಿ, ಬಾಗಲಾ ಐತಿ. ಕಾಲು ಒಂದ ಇಲ್ಲ ನೋಡ್ರಿ."

ವಿದ್ಯಾರ್ಥಿಗಳ ಅಶಿಸ್ತು ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಸಮರ್ಥಿಸಲೂ ಬಲ್ಲೆನಾಗಿದ್ದೆ. ಆದರೆ ಅವರು ತಪ್ಪಿದ್ದೆಲ್ಲಿ? ನಾನು ಬರೆಸಿದ ಫಲಕಕ್ಕೆ ಅವರು ಚಾಚೂ ತಪ್ಪದೆ ನಡೆದುಕೊಂಡಿದ್ದರು.

"ಆ ಫಲಕ ನಂದ್ರಿ. ತಪ್ಪೂ ನಂದ. ಒಂದು ವಾರ ಕೊಡ್ರಿ," ಎಂದೆ. ಅಷ್ಟು ಚಿಕ್ಕ ಭಾಷಣವನ್ನು ನಾನು ಅವರೆದುರು ಎಂದೂ ಮಾಡಿರಲಿಲ್ಲ. ಅದಕ್ಕೇ ಇರಬೇಕು, ಕೊಟ್ಟರು.

ಹಾಗೆಂದು ನಿಯಮವನ್ನೇ ತೆಗೆದರೆ ಧೂಳಿಗೆ ಯಂತ್ರಗಳು ಕೆಡುತ್ತವೆ. ವರಾಂಡದಲ್ಲಿ ಚಪ್ಪಲಿಗೆ ಗೂಡು ಮಾಡಿಸಿದರೆ ಜನ ಗೂಡಿನ ಮುಂದೆ ನಿಲ್ಲುತ್ತಾರೆ. ನಾನು ಎರಡೂ ಪಕ್ಷಗಳನ್ನು ತೂಗುತ್ತ ಕುಳಿತಿದ್ದಾಗ ಚಾಚಾ ತೋಳು ನೀವಿಕೊಳ್ಳುತ್ತ ಬಂದರು.

"ಶುಕ್ರವಾರ ನಮಾಜ್ ಮುಗದ್ರ ಎಲ್ಲಾರೂ ಒಮ್ಮೆಲೆ ಹೊರಗ ಬರ್ತೀವ್ರಿ. ಬಾಗಲದಾಗ ಚಪ್ಪಲ್ ಬಿಟ್ಟಾಂವ ಬೈಸ್ಕೋತಾನ. ಹೊರಗ ಬಂದ ಮಂದಿ ಎಲ್ಲಿ ನಿಲ್ಲಬೇಕಂತ ಬರದೀರಿ ನೀವು?"

"ಅಂಗಳದಾಗ, ಬೇವಿನ ಗಿಡದ ಕೆಳಗ."

"ಚಪ್ಪಲ್ಲೂ ಅಲ್ಲೇ ಇಡಸ್ರಿ. ಹುಡುಗ್ರು ತಾವಾಗೇ ಓಡ್ತಾರ. ನೀವು ಒದರೂದ ಬ್ಯಾಡ."

ನಾನು ಮೂರು ತಿಂಗಳಲ್ಲಿ ಕಾಣದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಬೇವಿನ ಗಿಡದ ಬುಡಕ್ಕೆ ಹಾಸುಗಲ್ಲು ಬಿತ್ತು, ಹಲಗೆಯ ಗೂಡು ಬಂತು, ಮೆಟ್ಟಿಲ ಬುಡದಲ್ಲಿ ಕಾಲೊರೆಸಲು ಗೋಣಿತಾಟು. ಫಲಕವನ್ನು ನಾನೇ ಕಿತ್ತು ತಂದು ಆ ಗೂಡಿನ ಮೇಲೆ ಹೊಡೆದೆ; ಇನ್ನು ಮೇಲಂತಸ್ತಿಗೆ ಹತ್ತುವವರೆಲ್ಲರೂ ಚಪ್ಪಲಿಯನ್ನು ಅಲ್ಲೇ ಬಿಡಬೇಕಿತ್ತು.

ಮರುವಾರ ಗಂಟೆ ಬಾರಿಸಿದಾಗ ಮೇಲಂತಸ್ತು ಬರಿಗಾಲಲ್ಲಿ ಇಳಿದು ಬಂತು. ಹೊಸ ಚಪ್ಪಲಿಯ ಆ ಹುಡುಗಿ ಎಲ್ಲರಿಗಿಂತ ಮುಂದಿದ್ದಳು. ಕೊನೆಯವನಾಗಿ ನಾನೂ ಗಿಡದ ನೆರಳು ಸೇರಿದಾಗ ಚಾಚಾ ಗಂಟೆ ಬಾರಿಸುವ ಕೈ ತಡೆದರು.

"ಎಪ್ಪತ್ತೆರಡಕ್ಕ ಖಾಲಿ ಆತ್ರಿ ಸಾಹೇಬ್ರ. ಉಳದ ಪೆಟ್ಟು ಏನ್ ಮಾಡ್ಲಿ?"

"ಇಟಗೋರಿ, ನಾಳಿ ಕಾಲೇಜ ಬಿಡೂ ಗಂಟಿಗೆ ಬರ್ತಾವ," ಎಂದು ಪ್ರಾಚಾರ್ಯರು ಪೆನ್ನಿಗಾಗಿ ಕಿಸೆಗೆ ಕೈ ಹಾಕಿದರು.

ಸಿ.ಡಿ. ಕಳಿಸುವ ಮುನ್ನ ನಾನೊಂದು ಖಾನೆ ಸೇರಿಸಿದೆ: 'ಬಾಗಿಲ ಬಳಿ ವಾಸ್ತವವಾಗಿ ಏನಾಗುತ್ತದೆ.' ಚಾಚಾ ಮತ್ತು ನಾನು ಎಲ್ಲ ಕೋಣೆಗಳನ್ನೂ ಮತ್ತೊಮ್ಮೆ ಸುತ್ತಿದೆವು, ಈ ಸಲ ಟೇಪು ಇಲ್ಲದೆ. ಗ್ರಂಥಾಲಯದ ಮುಂದೆ ಚೀಲಗಳ ರಾಶಿ. ಕಚೇರಿಯ ಬಾಗಿಲಿಗೆ ಒರಗಿಸಿದ ಸೈಕಲ್ಲು. ಮುಂದೆ ರೋಣದಲ್ಲೂ ಗಜೇಂದ್ರಗಡದಲ್ಲೂ ನಾನು ಮೊದಲು ತುಂಬಿಸಿದ್ದು ಆ ಖಾನೆಯನ್ನೇ. ಅಲ್ಲಿಯೂ ಮೊದಲು ಸಿಪಾಯಿಯನ್ನು ಕೇಳುತ್ತಿದ್ದೆ, ಆಮೇಲೆ ಅಳೆಯುತ್ತಿದ್ದೆ.

ನಮ್ಮ ಕಾಲೇಜಿನ ಪಟ್ಟಿಯಲ್ಲಿ, ಮಳೆಗಾಲದಲ್ಲಿ ಉಬ್ಬುವ ಆ ಬಾಗಿಲಿನ ಎದುರು, ಚಾಚಾ ಹೇಳಿದ ಹಾಗೆಯೇ ಬರೆದೆ: 'ಒದೆಯಬೇಕು.'